ವಾಕ್ಯಕ್ಕೆ ಒಂದೇ ‘ಎಸ್’: ಪ್ರೆಸೆಂಟ್ ಟೆನ್ಸ್ ಕಲಿಸಿದ ನನ್ನ ಅನುಭವ

ಗ್ರಾಮರ್ ಚಾರ್ಟ್ ಇಲ್ಲದೆ ಇಂಗ್ಲಿಷಿನ ಪ್ರೆಸೆಂಟ್ ಟೆನ್ಸ್ ಕಲಿಸುತ್ತೇನೆ ಅಂದಾಗ ಜೊತೆಯ ಮೇಷ್ಟ್ರುಗಳು ಯಾರೂ ಒಪ್ಪಲಿಲ್ಲ. ಈಗ ಅವರೇ ನನ್ನ ಕ್ಲಾಸಿಗೆ ಬಂದು ಕೂರುತ್ತಾರೆ.

ಚಾರ್ಟಿನ ಪಾಡು ನಿಮಗೂ ಗೊತ್ತಲ್ವಾ? ಹಿ, ಶಿ, ಇಟ್ ಬಂದರೆ ಎಸ್ ಎಂದು ಎಲ್ಲರೂ ಒಪ್ಪಿಸುತ್ತಾರೆ. ಮಾತಿಗಿಳಿದರೆ ‘ಶಿ ಗೋ’. ತಿದ್ದಿದರೆ ‘ಡಸ್ ಶಿ ಗೋಸ್?’ ದುಬಾರಿ ಗ್ರಾಮರ್ ಪುಸ್ತಕ ತರಿಸಿದೆ. ವರ್ಕ್‌ಶೀಟ್ ಪ್ರಿಂಟಿಗೇ ಫೀಸಿನ ಕಾಲು ಭಾಗ ಹೋಗುತ್ತಿತ್ತು. ಹಾಳೆಯಲ್ಲಿ ಎಲ್ಲ ಸರಿ, ಬಾಯಲ್ಲಿ ಮಾತ್ರ ಬರುತ್ತಿರಲಿಲ್ಲ. ಒಂದು ಬ್ಯಾಚಿನಲ್ಲಿ ಅರ್ಧ ಜನ ನಡುವೆಯೇ ಬಿಟ್ಟರು, ಫೀಸು ವಾಪಸ್ ಕೊಟ್ಟೆ.

ಆಮೇಲೆ ಒಂದೇ ವಿಷಯ ಹಿಡಿದೆ. ವಾಕ್ಯಕ್ಕೆ ಒಂದೇ ಎಸ್. ‘ಶಿ ವರ್ಕ್ಸ್.’ ಪ್ರಶ್ನೆ ಬಂದರೆ ಆ ಎಸ್ಸನ್ನು ಡಸ್ ಕಿತ್ತುಕೊಳ್ಳುತ್ತೆ, ವರ್ಕ್ ಬರಿಗೈ: ‘ಡಸ್ ಶಿ ವರ್ಕ್?’ ಇಲ್ಲ ಅನ್ನುವಾಗಲೂ ಹಾಗೇ: ‘ಶಿ ಡಸಂಟ್ ವರ್ಕ್.’ ಈ ಮೂರನ್ನೂ ಒಂದೇ ಉಸಿರಿನಲ್ಲಿ, ದಿನಾ ಹತ್ತು ನಿಮಿಷ. ಸುಮಾರು ಮೂರು ವಾರ ಐ, ಯು, ದೇ ಮುಟ್ಟಲೇ ಇಲ್ಲ. ‘ಎವ್ರಿವನ್ ನೋಸ್’ ಕೂಡ ಇಲ್ಲೇ ಸೇರಿಸಿ. ಯಾವ ಕ್ರಿಯಾಪದ ಮೊದಲು, ಯಾವುದು ಆಮೇಲೆ ಅನ್ನುವ ಪಟ್ಟಿ ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ವರ್ಷಗಟ್ಟಲೆ ದುಡಿದಿದ್ದೇನೆ.

ಐಎನ್‌ಜಿ ಕಾಟ ಇನ್ನೂ ಜಾಸ್ತಿ. ‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’. ಸುಮ್ನೆ ಹ್ಯಾವಿಂಗ್ ತಪ್ಪು ಅಂದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಕೂಡ ಬಿಟ್ಟುಬಿಡುತ್ತಾರೆ, ಅದು ಸರಿಯಾದದ್ದೇ. ನಾನು ಕೇಳುವುದು ಇಷ್ಟೇ: ಅರ್ಧಕ್ಕೆ ಎದ್ದು ಬರಬಹುದಾ? ಊಟದಿಂದ ಏಳಬಹುದು, ಅಣ್ಣತಮ್ಮಂದಿರು ಇರುವುದರಿಂದ ಹೇಗೆ ಏಳುತ್ತೀರಿ? ಏಳಲಾಗದಿದ್ದರೆ ಐಎನ್‌ಜಿ ಬೇಡ. ವಾಂಟ್, ಬಿಲಾಂಗ್, ಅಂಡರ್‌ಸ್ಟ್ಯಾಂಡ್ ಎಲ್ಲಕ್ಕೂ ಇದೇ ಪ್ರಶ್ನೆ ಸಾಕಾಯಿತು.

ನಡುವೆ ಫುಟ್‌ಬಾಲ್ ಕಾಮೆಂಟರಿಯನ್ನೂ ಕೇಳಿಸಿ ನೋಡಿದೆ. ‘ಹಿ ಪಾಸಸ್, ಹಿ ಶೂಟ್ಸ್’ ಅಂತ ಎಸ್ಸುಗಳ ಸುರಿಮಳೆ. ಕಿವಿ ಚುರುಕಾಯಿತು. ಆದರೆ ಕಣ್ಣೆದುರು ನಡೆಯುವುದಕ್ಕೂ ಕಾಮೆಂಟರಿಯವರು ಐಎನ್‌ಜಿ ಇಲ್ಲದೆ ಹೇಳುತ್ತಾರಲ್ಲ, ಕೆಲವರು ‘ನೌ ಐ ಈಟ್’ ಎಂದು ಶುರುಮಾಡಿದರು. ಹಾಗಾಗಿ ಈಗ ಅದನ್ನು ಕೊನೆಗೆ ಇಟ್ಟಿದ್ದೇನೆ. ಪತ್ರಿಕೆಯ ಹೆಡ್‌ಲೈನ್‌ಗಳನ್ನಂತೂ ಹೊಸಬರಿಗೆ ತೋರಿಸುವುದೇ ಇಲ್ಲ. ಅಲ್ಲಿ ನಿನ್ನೆ ನಡೆದದ್ದೂ ಪ್ರೆಸೆಂಟ್ ಟೆನ್ಸೇ.

ಕಳೆದ ಬ್ಯಾಚಿನಲ್ಲಿ ಮೂವತ್ತು ಚಿಲ್ಲರೆ ಜನ ಇದ್ದರು. ಹತ್ತರಲ್ಲಿ ಎಂಟು ಮಂದಿ ಸರಸರನೆ ಮಾತಾಡುವಾಗಲೂ ಎಸ್ ಬಿಡುತ್ತಿಲ್ಲ. ಫೀಸು ವಾಪಸ್ ಕೇಳಿದವರಿಲ್ಲ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2015’ ಅನ್ನುವುದು ಮಾತ್ರ ಇನ್ನೂ ಹೋಗಿಲ್ಲ. ‘ಹ್ಯಾವ್ ಬೀನ್ ವರ್ಕಿಂಗ್’ ಬಾಯಿಗೆ ಕೂರಿಸುವ ಕೆಲಸ ಈಗ ನಡೆದಿದೆ.