ಚರ್ಮದ ಮೇಲೆ ಮಷೀನ್ ಹೊಲಿಗೆ: ಮೊದಲು ನಿಲ್ಲಿಸುವುದನ್ನು ಕಲಿಯಿರಿ

ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಒಂದು ಸಲ ಇಸ್ತ್ರಿ ಎಳೆದರೆ ಸೂಜಿ ಹೋದ ಗುರುತೂ ಕಾಣಿಸುವುದಿಲ್ಲ. ಚರ್ಮ ಹಾಗಲ್ಲ. ಸೂಜಿ ಇಳಿದ ಕಡೆ ತೂತು ಉಳಿದೇ ಉಳಿಯುತ್ತದೆ. ವರ್ಷಗಟ್ಟಲೆ ಬ್ಲೌಸು, ಪ್ಯಾಂಟು ಹೊಲಿದು ಕೈ ಪಳಗಿದವರೂ ಪರ್ಸು, ಬ್ಯಾಗು ಮಾಡಲು ಹೊರಟಾಗ ಎಡವುವುದು ಇಲ್ಲೇ. ಕಲಿಯಬೇಕಾದ್ದು ವೇಗವನ್ನಲ್ಲ, ಬೇಕೆಂದ ತೂತಿನಲ್ಲಿ ಮಷೀನ್ ನಿಲ್ಲಿಸುವುದನ್ನು.

ಯಾವ ಮಷೀನು?

ಮನೆಯ ಮಷೀನಿನಲ್ಲಿ ತೆಳು ಚರ್ಮದ ಒಂದೆರಡು ಪದರ ಹೇಗೋ ಹೊಲಿಯಬಹುದು. ಮೂರು ಪದರವಾದರೆ ಅದು ಕೈಕೊಡುತ್ತದೆ. ಟೈಲರ್‌ಗಳು ಸುಮ್ನೆ 'ಜೂಕಿ' ಅಂತ ಕರೆಯುವ ಪವರ್ ಮಷೀನ್ ಬಟ್ಟೆಗಾಗಿ ಮಾಡಿದ್ದು. ಅದರಲ್ಲಿ ಕೆಳಗಿನ ಹಲ್ಲು ಮಾತ್ರ ಎಳೆಯುತ್ತದೆ. ಮೇಲಿನ ಚರ್ಮ ಫುಟ್‌ಗೆ, ಅಂದರೆ ಮೇಲಿಂದ ಒತ್ತಿಹಿಡಿಯುವ ಪಾದಕ್ಕೆ, ಅಂಟಿಕೊಂಡು ಹಿಂದೆ ಬೀಳುತ್ತದೆ. ಹೊಲಿಗೆ ಮುಗಿಯುವಷ್ಟರಲ್ಲಿ ಎರಡು ಅಂಚು ಹೊಂದುವುದೇ ಇಲ್ಲ.

ಚರ್ಮಕ್ಕೆ ಬೇಕಾದದ್ದು ವಾಕಿಂಗ್ ಫುಟ್ ಮಷೀನ್. ಅದರಲ್ಲೂ ಸೂಜಿ, ಒಳ ಫುಟ್, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಚಲಿಸುವಂಥದ್ದು. ಸೂಜಿ ಚರ್ಮದೊಳಗೆ ಇರುವಾಗಲೇ ಪದರಗಳು ಒಟ್ಟಿಗೆ ಮುಂದೆ ಹೋಗುವುದರಿಂದ ಜಾರುವುದಿಲ್ಲ. ಜೂಕಿ ಕಂಪನಿಯದೇ ಡಿಎನ್‌ಯು-1541 ಮಾದರಿ ಈ ಜಾತಿಯದ್ದು. ಇದು ಸಪಾಟು ಮೇಜಿನ ಮಷೀನ್. ಪರ್ಸು, ಬೆಲ್ಟು, ಫೈಲ್ ಕವರ್, ಟೋಟ್ ಬ್ಯಾಗಿಗೆ ಧಾರಾಳ ಸಾಕು. ಜೋಡಿಸಿ ಮುಗಿದ ಬ್ಯಾಗಿನ ಬಾಯಿ ಸುತ್ತ ಹೊಲಿಯಲು ಸಿಲಿಂಡರ್ ತೋಳಿನದ್ದು ಬೇಕು, ಶೂಗೆ ಕಂಬದ ಥರದ್ದು. ಕಲಿಯುವಾಗ ಅವೆರಡರ ಗೊಡವೆ ಬೇಡ.

ಮೋಟಾರ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಹಳೆಯ ಕ್ಲಚ್ ಮೋಟಾರ್ ಸ್ವಿಚ್ ಹಾಕಿದಾಗಿನಿಂದ ಗುಯ್‌ಗುಡುತ್ತಲೇ ಇರುತ್ತದೆ. ಪೆಡಲ್ ತುಸು ಒತ್ತಿದರೆ ಸಾಕು, ಮಷೀನ್ ಓಡಿಬಿಡುತ್ತದೆ. ಸರ್ವೋ ಮೋಟಾರಿನಲ್ಲಿ ಗರಿಷ್ಠ ವೇಗವನ್ನು ನಾವೇ ಇಳಿಸಿಟ್ಟುಕೊಳ್ಳಬಹುದು. ಒಂದೊಂದೇ ಹೊಲಿಗೆ ಹಾಕುತ್ತಾ ಹೋಗಬಹುದು, ಕರೆಂಟೂ ಉಳಿಯುತ್ತದೆ. ಸೆಕೆಂಡ್‌ಹ್ಯಾಂಡ್ ಸಿಂಗರ್ ಅಥವಾ ಫಾಫ್ ಕೊಂಡರೆ ಮೊದಲ ಖರ್ಚು ಸರ್ವೋಗೆ ಇರಲಿ. ಆದರೆ ಒಂದು ಎಚ್ಚರ. ಸರ್ವೋ ಸದ್ದೇ ಮಾಡುವುದಿಲ್ಲ, ಆನ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಸೂಜಿ ಬದಲಿಸುವಾಗ, ದಾರ ಪೋಣಿಸುವಾಗ ಸ್ವಿಚ್ ಆಫ್ ಮಾಡಿ, ಕಾಲನ್ನೂ ಪೆಡಲ್‌ನಿಂದ ತೆಗೆಯಿರಿ. ದುಪಟ್ಟಾ, ಸೆರಗು, ಬಿಟ್ಟ ಕೂದಲು ಬೆಲ್ಟಿನ ಹತ್ತಿರ ಸುಳಿಯಬಾರದು.

ದಾರವಿಲ್ಲದ ಪಾಠ

ಗೆರೆ ಇರುವ ನೋಟ್‌ಬುಕ್ ಹಾಳೆ ತಗೊಳ್ಳಿ. ದಾರ ಹಾಕದೆ ಬರೀ ಸೂಜಿಯಲ್ಲಿ ಗೆರೆಯ ಮೇಲೆ ಹೊಲಿಯಿರಿ. ಅಲ್ಲಲ್ಲಿ ಅಡ್ಡ ಗೆರೆ ಎಳೆದು, ಸರಿಯಾಗಿ ಅಲ್ಲೇ ನಿಲ್ಲಿಸಿ. ಕೊನೆಯ ಎರಡು ಮೂರು ಹೊಲಿಗೆಗೆ ಕಾಲು ಬೇಡ, ಬಲಗೈಯಲ್ಲಿ ಚಕ್ರ ತಿರುಗಿಸಿ. ಫುಟ್ ಎತ್ತಲು ಮೊಣಕಾಲಿನ ಲಿವರ್ ಇರುತ್ತದೆ, ಅದೂ ಅಭ್ಯಾಸವಾಗಲಿ. ಆಮೇಲೆ ಚರ್ಮದ ತುಂಡುಗಳ ಮೇಲೆ ಇದನ್ನೇ ಮಾಡಿ. ಇಡೀ ಚರ್ಮ ಚದರ ಅಡಿ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಅಭ್ಯಾಸಕ್ಕೆ ಅದು ದುಬಾರಿ. ಕತ್ತರಿಸಿ ಉಳಿದ ತುಂಡುಗಳನ್ನು ಕೆಜಿ ಲೆಕ್ಕದಲ್ಲಿ ಕೊಡುವವರಿದ್ದಾರೆ. ಚೆನ್ನೈನ ಪೆರಿಯಮೇಟ್, ಮುಂಬೈನ ಧಾರಾವಿಗೆ ಹೋದಾಗ ಒಂದು ಚೀಲ ತಂದಿಟ್ಟುಕೊಳ್ಳಿ.

ಸೂಜಿ, ದಾರದ ಜೋಡಿ

ಬಟ್ಟೆಯ ಸೂಜಿಯ ಮೊನೆ ದುಂಡಗಿದ್ದು ಎಳೆಗಳನ್ನು ಸರಿಸಿ ಇಳಿಯುತ್ತದೆ. ಚರ್ಮದ ಸೂಜಿಯ ಮೊನೆಗೆ ಅಲಗಿದೆ, ಅದು ಕತ್ತರಿಸಿಕೊಂಡೇ ಇಳಿಯುತ್ತದೆ. ವಾಕಿಂಗ್ ಫುಟ್ ಮಷೀನುಗಳಲ್ಲಿ ಸಾಮಾನ್ಯವಾಗಿ 135×17 ಎಂದಿರುವುದು ಬಟ್ಟೆಗೆ, 135×16 ಚರ್ಮಕ್ಕೆ. ಪ್ಯಾಕೆಟ್ ಮೇಲೆ ಅದನ್ನು ನೋಡಿಯೇ ಕೊಳ್ಳಿ.

ಹತ್ತಿಯ ದಾರ ಬೇಡ. ಮರದ ತೊಗಟೆಯಿಂದ ಹದ ಮಾಡಿದ ಚರ್ಮದಲ್ಲಿರುವ ಟ್ಯಾನಿನ್ ಅದನ್ನು ನಿಧಾನವಾಗಿ ತಿಂದುಹಾಕುತ್ತದೆ. ಬಾಂಡೆಡ್ ನೈಲಾನ್ ಅಥವಾ ಬಾಂಡೆಡ್ ಪಾಲಿಯೆಸ್ಟರ್ ಕೇಳಿ. ಬಿಸಿಲಲ್ಲಿ ಜಾಸ್ತಿ ಇರುವ ವಸ್ತುವಿಗೆ ಪಾಲಿಯೆಸ್ಟರ್ ವಾಸಿ. ಟೆಕ್ಸ್ ಅಂದರೆ ದಾರದ ದಪ್ಪದ ಅಳತೆ. ಪರ್ಸಿಗೆ ಟೆಕ್ಸ್ 70ರ ದಾರ, 18 ನಂಬರ್ ಸೂಜಿ. ಬ್ಯಾಗಿಗೆ ಟೆಕ್ಸ್ 135, 22 ನಂಬರ್. ಜೋಡಿ ಸರಿಯಿದೆಯೇ ಅಂತ ನೋಡಲು ದಾರಕ್ಕೆ ಬಿಡಿ ಸೂಜಿ ಪೋಣಿಸಿ, ದಾರವನ್ನು ಓರೆಯಾಗಿ ಬಿಗಿ ಹಿಡಿಯಿರಿ. ಸೂಜಿ ತಾನಾಗಿ ಕೆಳಗೆ ಜಾರಬೇಕು. ಸಿಕ್ಕಿಕೊಂಡರೆ ಕಣ್ಣು ಸಣ್ಣದಾಯಿತು ಅಂತ ಅರ್ಥ.

ಸೂಜಿ ಹಾಕುವಾಗ ಪೂರ್ತಿ ಮೇಲಕ್ಕೆ ಒತ್ತಿ. ಉದ್ದಕ್ಕೂ ಇರುವ ಗೀರು ದಾರ ಒಳಹೋಗುವ ಕಡೆಗಿರಲಿ. ಕಣ್ಣಿನ ಮೇಲಿನ ತಗ್ಗು ಕೊಕ್ಕೆಯ (ಅಡಿಯಲ್ಲಿ ದಾರ ಹಿಡಿಯುವ ಭಾಗದ) ಕಡೆಗೆ. ಸ್ವಲ್ಪ ತಿರುಚಿದರೂ ಹೊಲಿಗೆ ತಪ್ಪುತ್ತದೆ.

ಮೊದಲ ವಸ್ತು: ಕಾರ್ಡ್ ಕವರ್

ಎಟಿಎಂ ಕಾರ್ಡಿನ ಅಳತೆ 85.6 × 54 ಮಿಮೀ. ಒಂದು ಮಿಮೀ ದಪ್ಪದ ಚರ್ಮದಲ್ಲಿ 10 ಸೆಂಮೀ ಅಗಲ, 7 ಸೆಂಮೀ ಎತ್ತರದ ಎರಡು ತುಂಡು ಕತ್ತರಿಸಿ. ಹೊಲಿಗೆಯ ಉದ್ದ 3 ಮಿಮೀಗೆ ಇಡಿ. ಹತ್ತಿರ ಹತ್ತಿರ ಹಾಕಿದರೆ ಗಟ್ಟಿ ಅಂತ ಬಟ್ಟೆಯವರು ಅಂದುಕೊಳ್ಳುತ್ತಾರೆ. ಚರ್ಮದಲ್ಲಿ ಅದು ಅಂಚೆಚೀಟಿಯ ತೂತುಗಳ ಹಾಗಾಗಿ, ಎಳೆದರೆ ಆ ಗೆರೆಯಲ್ಲೇ ಹರಿಯುತ್ತದೆ.

ಮೊದಲು ಬಾಯಿಯ ಅಂಚುಗಳಿಗೆ ಒಂಟಿ ಒಂಟಿಯಾಗಿ ಅಲಂಕಾರದ ಹೊಲಿಗೆ ಹಾಕಿ. ಜೋಡಿಸಿದ ಮೇಲೆ ಅದು ಆಗುವುದಿಲ್ಲ. ನಂತರ ಉಳಿದ ಮೂರು ಅಂಚಿಗೆ ತೆಳ್ಳಗೆ ಸಲ್ಯೂಷನ್ (ಚರ್ಮದ ಅಂಟು) ಹಚ್ಚಿ. ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಆರಲು ಬಿಟ್ಟು, ಕೂಡಿಸಿ, ಸುತ್ತಿಗೆಯಿಂದ ತಟ್ಟಿ. ಗುಂಡುಪಿನ್ ಮುಟ್ಟಬೇಡಿ, ಅದರ ತೂತೂ ಉಳಿಯುತ್ತದೆ. ಸಲ್ಯೂಷನ್ ದಪ್ಪವಾದರೆ ಸೂಜಿಗೆ ಮೆತ್ತಿಕೊಳ್ಳುತ್ತದೆ. ಅದರ ವಾಸನೆ ತಲೆಗೇರುವಂಥದ್ದು, ಕಿಟಕಿ ತೆರೆದಿಡಿ.

ಅಂಚು ಮಡಿಸುವ ಕೆಲಸವಾದರೆ ಮಡಿಕೆಯ ಜಾಗವನ್ನು ಒಳಬದಿಯಿಂದ ರಂಪಿಗೆಯಲ್ಲಿ (ಚರ್ಮ ಹೆರೆಯುವ ಉಳಿ) ಅರ್ಧ ದಪ್ಪಕ್ಕೆ ಹೆರೆಯಬೇಕು. ಈ ಕವರ್‌ಗೆ ಅದು ಬೇಡ.

ಈಗ ಅದೇ ಚರ್ಮದ ಎರಡು ಬಿಡಿ ಚೂರು ಸೇರಿಸಿ ಟೆನ್ಷನ್, ಅಂದರೆ ದಾರದ ಬಿಗಿ, ಪರೀಕ್ಷಿಸಿ. ದಾರಗಳ ಗಂಟು ಚರ್ಮದ ಮಧ್ಯೆ ಅಡಗಬೇಕು. ಅಡಿಯಲ್ಲಿ ಗಂಟು ಕಂಡರೆ ಮೇಲಿನ ದಾರ ಸಡಿಲ, ಮೇಲೆ ಕಂಡರೆ ಬಿಗಿ. ಫುಟ್‌ನ ಒತ್ತಡ ಚರ್ಮ ಅಲುಗದಷ್ಟಿದ್ದರೆ ಸಾಕು. ಜಾಸ್ತಿಯಾದರೆ ಮೇಲೆ ಅಚ್ಚು ಬೀಳುತ್ತದೆ. ತೀರಾ ಕಡಿಮೆಯಾದರೆ ಸೂಜಿಯ ಜೊತೆ ಚರ್ಮವೂ ಮೇಲೇಳುತ್ತದೆ, ಆಗ ಹೊಲಿಗೆ ಬಿಟ್ಟುಹೋಗುತ್ತದೆ. ಚಂದದ ಮುಖ ಯಾವಾಗಲೂ ಮೇಲಿರಲಿ, ಕೆಳಗಿನ ಹಲ್ಲು ಗುರುತು ಬಿಡುತ್ತದೆ ಅಲ್ವಾ.

ಅಂಚಿನಿಂದ 3 ಮಿಮೀ ಒಳಗೆ, ಬಾಯಿಯ ಒಂದು ಮೂಲೆಯಿಂದ ಶುರು ಮಾಡಿ. ಮೇಲಿನ, ಕೆಳಗಿನ ಎರಡೂ ದಾರದ ತುದಿಯನ್ನು ಹಿಂದೆ ಹಿಡಿದುಕೊಂಡು ಮೊದಲ ಮೂರು ಹೊಲಿಗೆ ಚಕ್ರದಿಂದಲೇ ಹಾಕಿ. ಹಿಡಿಯದಿದ್ದರೆ ಅಡಿಯಲ್ಲಿ ದಾರ ಗಂಟುಗಂಟಾಗುತ್ತದೆ. ಆಮೇಲೆ ಕಾಲು ಒತ್ತಿ. ಕೈ ದಾರಿ ತೋರಿಸಲಿ, ಎಳೆಯಬಾರದು. ಎಳೆದರೆ ಸೂಜಿ ಬಾಗಿ ತಟ್ಟೆಗೆ ತಾಗಿ ಮುರಿಯುತ್ತದೆ.

ಮೂಲೆ ತಿರುಗಿಸುವುದು ಇಡೀ ಕೆಲಸದಲ್ಲಿ ನಾಜೂಕಿನದು. ಮೂಲೆಗೆ ಮೂರು ಹೊಲಿಗೆ ಇರುವಾಗ ಕಾಲು ತೆಗೆಯಿರಿ. ಚಕ್ರ ತಿರುಗಿಸಿ ಸೂಜಿಯನ್ನು ಸರಿಯಾಗಿ ಮೂಲೆಯಲ್ಲಿ ಇಳಿಸಿ. ಪೂರ್ತಿ ಕೆಳಗೆ ಹೋಗಲಿ, ನಂತರ ಒಂದೆರಡು ಮಿಮೀ ಮೇಲೆ ಬರಲಿ. ಅಷ್ಟರಲ್ಲಿ ಕೆಳಗಿನ ಕೊಕ್ಕೆ ದಾರದ ಕುಣಿಕೆಯನ್ನು ಹಿಡಿದಿರುತ್ತದೆ. ಈಗ ಫುಟ್ ಎತ್ತಿ, ಚರ್ಮ ತಿರುಗಿಸಿ, ಫುಟ್ ಇಳಿಸಿ. ಸೂಜಿ ತೀರಾ ಅಡಿಯಲ್ಲಿರುವಾಗಲೇ ತಿರುಗಿಸಿದರೆ ಕುಣಿಕೆ ತಪ್ಪಿ ಮೂಲೆಯ ಹೊಲಿಗೆಯೇ ಹಾರಿಹೋಗುತ್ತದೆ.

ಕೊನೆಯಲ್ಲಿ ಎರಡು ಹೊಲಿಗೆ ಹಿಂದಕ್ಕೆ ಬನ್ನಿ, ಅವೇ ತೂತುಗಳಲ್ಲಿ. ದಾರದ ತುದಿಗಳನ್ನು ಹಿಂಬದಿಗೆ ಎಳೆದು ಎರಡು ಮಿಮೀ ಬಿಟ್ಟು ಕತ್ತರಿಸಿ. ಲೈಟರ್‌ನ ಜ್ವಾಲೆ ತೋರಿಸಿದರೆ ಕರಗುತ್ತದೆ, ಲೋಹದ ತುಂಡಿನಿಂದ ಒತ್ತಿ. ಸಲ್ಯೂಷನ್ ಡಬ್ಬಿ ಆಗ ದೂರ ಇರಲಿ, ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಹೊಲಿಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ.

ತೊಂದರೆ ಬಂದಾಗ

ಹೊಲಿಗೆ ತಪ್ಪುತ್ತಿದ್ದರೆ ಮೊದಲು ಸೂಜಿ ಬದಲಿಸಿ, ಆಮೇಲೆ ಉಳಿದ ಯೋಚನೆ. ಸೂಜಿಯೂ ಸರಿ, ಒತ್ತಡವೂ ಸರಿ ಅಂದರೆ ಕೊಕ್ಕೆಯ ಟೈಮಿಂಗ್ ಇರಬಹುದು. ಅದಕ್ಕೆ ಮೆಕ್ಯಾನಿಕ್ ಬೇಕು. ಎಣ್ಣೆ ಹಾಕಿದ ಮೇಲೆ ಒಂದು ಹಾಳು ತುಂಡನ್ನು ಹೊಲಿದು ನೋಡಿ. ಚರ್ಮಕ್ಕೆ ಬಿದ್ದ ಎಣ್ಣೆ ಕಲೆ ಹೋಗುವುದಿಲ್ಲ.

ಗುರುವಿನ ಹತ್ತಿರವೇ ಕಲಿಯಬೇಕು ಅನ್ನುವವರು ರಾಜ್ಯ ಸರ್ಕಾರದ ಚರ್ಮೋದ್ಯಮ ಅಭಿವೃದ್ಧಿ ನಿಗಮವಾದ ಲಿಡ್ಕರ್‌ನಲ್ಲಿ ತರಬೇತಿ ಬಗ್ಗೆ ವಿಚಾರಿಸಬಹುದು. ಚೆನ್ನೈನಲ್ಲಿ 1948ರಿಂದ ಇರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯೂ ಇದೆ. ಅಂದಹಾಗೆ, 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಗೆ ಈ ಮಷೀನು ಲೆಕ್ಕಕ್ಕಿಲ್ಲ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಅದನ್ನು ಕೈಯಲ್ಲೇ, ಚರ್ಮದ ಎಳೆಯಿಂದ ಹೊಲಿಯುತ್ತಾರೆ.

ಕಾರ್ಡ್ ಕವರ್ ಸರಿ ಬಂದ ಮೇಲೆ ಬೆಲ್ಟ್‌ಗೆ ಕೈ ಹಾಕಿ. ಮೂಲೆ ಕಡಿಮೆ, ಆದರೆ ಒಂದು ಮೀಟರ್ ಉದ್ದಕ್ಕೂ ಗೆರೆ ನೇರ ಇರಬೇಕು.