ನಗಿಸುತ್ತಲೇ ಬೆವರಿಳಿಸುವ ಕಾದಂಬರಿ ಹುಡುಕುವುದು ಹೇಗೆ?

ಮುಂಬಯಿಯ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡಿ ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಫುಟ್‌ಪಾತ್ ಮೇಲೆ ಹಳೇ ಪುಸ್ತಕಗಳ ರಾಶಿ. ‘ಹಾರರ್ ಬೇಕು, ಆದರೆ ನಗುವೂ ಬರಬೇಕು’ ಎಂದು ಅಲ್ಲಿ ಒಮ್ಮೆ ಕೇಳಿದ್ದೆ. ಅಂಗಡಿಯವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಕ್ಕಳ ದೆವ್ವದ ಕಾಮಿಕ್ಸ್ ಕೈಗಿತ್ತ. ತಪ್ಪು ಅವನದಲ್ಲ, ನಾನು ಕೇಳಿದ ರೀತಿಯದು.

ಹಾಗಾಗಿ ಮೊದಲು, ನಿಮಗೆ ಎಂಥ ನಗು ಬೇಕು ಎಂದು ಗೊತ್ತುಮಾಡಿಕೊಳ್ಳಿ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ದಿನಾ ಓದಿ ದಿನಾ ವಾಪಸ್ ಹೋಗುವ ದೆವ್ವ ನಮಗೆಲ್ಲ ಗೊತ್ತಲ್ಲ? ಅದಕ್ಕೆ ಕನ್ನಡ ಓದಲು ಬರುತ್ತದೆ, ನಿಯಮ ಮೀರುವುದಿಲ್ಲ, ಕಚೇರಿಗೆ ಅಲೆಯುವ ನಮ್ಮ ಹಾಗೇ ಮರುದಿನ ಮತ್ತೆ ಹಾಜರ್. ಹೆದರಿಕೆಯೂ ಗುಮಾಸ್ತಿಕೆಯೂ ಒಂದೇ ಗೋಡೆಯ ಮೇಲಿವೆ. ಹುಡುಕಬೇಕಾದ್ದು ಈ ರುಚಿಯನ್ನು.

ಇಂಗ್ಲಿಷ್ ಪುಸ್ತಕದಂಗಡಿಯಲ್ಲಿ ಇದಕ್ಕೆ ಬೇರೆ ಕಪಾಟಿಲ್ಲ. ‘ಬ್ಲ್ಯಾಕ್ ಕಾಮಿಡಿ’ (ಸಾವು ನೋವಿನ ತಮಾಷೆ), ‘ಸಟೈರ್’ (ವಿಡಂಬನೆ), ‘ಡಿಸ್ಟೋಪಿಯಾ’ (ಕೆಟ್ಟುಹೋದ ನಾಳಿನ ಲೋಕದ ಕಥೆ) ಎಂಬ ಮೂರು ಮಾತಿನಲ್ಲಿ ಎರಡನ್ನು ಸೇರಿಸಿ ಕೇಳಿ. ಹಾರರ್ ಕಪಾಟೊಂದನ್ನೇ ಜಾಲಾಡಿದರೆ ರಕ್ತ ಸಿಕ್ಕೀತು, ನಗು ಸಿಗುವುದು ಕಷ್ಟ.

ಆಮೇಲೆ ಒಂದು ಪುಸ್ತಕ ಹಿಡಿದು ಅದರ ದಾರಿಯಲ್ಲೇ ಹೋಗಿ. ನಾನು ಯಾರಿಗಾದರೂ ಮೊದಲು ಹೇಳುವುದು ಕಾರೆಲ್ ಚಾಪೆಕ್‌ನ ‘ವಾರ್ ವಿತ್ ದ ನ್ಯೂಟ್ಸ್’ (1936). ‘ರೋಬಾಟ್’ ಎಂಬ ಪದ ಜಗತ್ತಿಗೆ ಬಂದದ್ದು ಇದೇ ಜೆಕ್ ಲೇಖಕನ 1920ರ ನಾಟಕದಿಂದ. ಕಾದಂಬರಿಯಲ್ಲಿ ಮನುಷ್ಯರಿಗೆ ಬುದ್ಧಿಯುಳ್ಳ ಸಾಲಮಾಂಡರ್‌ಗಳು, ಅಂದರೆ ಹಲ್ಲಿಯಂತೆ ಕಾಣುವ ನೀರುಜೀವಿಗಳು, ಸಿಗುತ್ತವೆ. ಮೊದಲು ಮುತ್ತು ತೆಗೆಸುತ್ತಾರೆ, ಮತ್ತೆ ಸಮುದ್ರದಡಿ ಕೂಲಿಗೆ ಹಚ್ಚುತ್ತಾರೆ, ತಲೆ ಲೆಕ್ಕದಲ್ಲಿ ಮಾರುತ್ತಾರೆ, ಕೊನೆಗೆ ಕೈಗೆ ಆಯುಧವನ್ನೂ ಕೊಡುತ್ತಾರೆ. ಸಂಖ್ಯೆ ಬೆಳೆದ ಮೇಲೆ ಅವಕ್ಕೆ ಜಾಗ ಸಾಲದು. ನೆಲ ಒಡೆದು ಕರಾವಳಿ ಮುಳುಗಿಸಬೇಕು, ಸಹಕರಿಸಿ ಎಂದು ಸಭ್ಯವಾಗಿ ಕೇಳುತ್ತವೆ. ಮಾತುಕತೆಗೆ ಅವುಗಳ ಪರವಾಗಿ ಬರುವವರು ಮನುಷ್ಯ ವಕೀಲರು! ಏಳು ದ್ವೀಪಗಳ ನಡುವಿನ ನೀರಿಗೆ ಮಣ್ಣು ತುಂಬಿಸಿ ಕಟ್ಟಿದ ಮುಂಬಯಿಯಲ್ಲಿ ಕೂತು ಇದನ್ನು ಓದುವಾಗ ಬರುವ ನಗುವೇ ಬೇರೆ.

ಅಲ್ಲಿಂದ ಕರ್ಟ್ ವೊನೆಗಟ್‌ನ ‘ಕ್ಯಾಟ್ಸ್ ಕ್ರೇಡಲ್’ (1963). ಸೈನಿಕರಿಗೆ ಕೆಸರಿನ ಕಾಟ ತಪ್ಪಿಸಲು ಹೊರಟ ವಿಜ್ಞಾನ ಲೋಕದ ನೀರನ್ನೇ ಹೆಪ್ಪುಗಟ್ಟಿಸುತ್ತದೆ. ಹಾರರ್ ಕಡೆಗಾದರೆ ಗ್ರೇಡಿ ಹೆಂಡ್ರಿಕ್ಸ್‌ನ ‘ಹಾರರ್‌ಸ್ಟೋರ್’ (2014). ದೆವ್ವ ಇರುವುದು ಫರ್ನಿಚರ್ ಮಳಿಗೆಯಲ್ಲಿ, ಪುಸ್ತಕ ಅಚ್ಚಾಗಿರುವುದೂ ಫರ್ನಿಚರ್ ಕ್ಯಾಟಲಾಗಿನಂತೆ. ಹಾಗಾಗಿ ಇದನ್ನು ಫೋನಿನಲ್ಲಿ ಓದಬೇಡಿ, ಅರ್ಧ ತಮಾಷೆ ಕಳೆದುಹೋಗುತ್ತದೆ.

ನಮ್ಮ ಊರಿನದೇ ಬೇಕೆಂದರೆ ಮಂಜುಳಾ ಪದ್ಮನಾಭನ್ ಅವರ ‘ಹಾರ್ವೆಸ್ಟ್’ (1997) ಇದೆ. ಕಾದಂಬರಿಯಲ್ಲ, ಇಂಗ್ಲಿಷ್ ನಾಟಕ. ಕೆಲಸ ಕಳೆದುಕೊಂಡ ಮುಂಬಯಿಯ ಓಂ ಎಂಬಾತ ತನ್ನ ಅಂಗಾಂಗಗಳನ್ನು ಕಂಪನಿಗೆ ಬರೆದುಕೊಡುತ್ತಾನೆ. ಕೊಳ್ಳುವವಳು ಪರದೆಯಲ್ಲಿ ಬಂದು ಮನೆಯವರ ಶುಚಿತ್ವ ವಿಚಾರಿಸುತ್ತಾಳೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮೇಲಿನವುಗಳಂತೆ ಹಾರರ್ ಅಥವಾ ವೈಜ್ಞಾನಿಕ ಕಥೆಯಲ್ಲ, ನಿಜ. ಆದರೂ ಆರೋಪ ಏನೆಂದೇ ತಿಳಿಯದೆ ತತ್ತರಿಸುವ ನಾಗಪ್ಪನನ್ನು ಈ ಸಾಲಿನಿಂದ ಹೊರಗಿಡಲು ನನಗೆ ಮನಸ್ಸಿಲ್ಲ.

ದುಡ್ಡು ಕೊಡುವ ಮೊದಲು ಎರಡು ಪುಟ ನಿಂತು ಓದಿ. ಒಂದು ಮೊದಲನೆಯದು, ಇನ್ನೊಂದು ನಡುವಿನದು. ಘೋರವಾದದ್ದನ್ನು ಲೇಖಕ ಹಾಲಿನ ಲೆಕ್ಕ ಹೇಳುವವರ ಮುಖದಲ್ಲಿ ಹೇಳುತ್ತಿದ್ದಾನೆಯೇ? ತೆಗೆದುಕೊಳ್ಳಿ. ತಾನೇ ಮೊದಲು ನಕ್ಕು, ನೀವೂ ನಗಿ ಎಂದು ಪಕ್ಕೆಗೆ ತಿವಿಯುತ್ತಿದ್ದರೆ ಅಲ್ಲೇ ಇಡಿ. ಹಳೇ ಪ್ರತಿಯಾದರೆ ಕೊನೆಯ ಹಾಳೆಗಳಿವೆಯೇ ನೋಡಿ. ಮಳೆಗಾಲದಲ್ಲಿ ಮೂಸಿಯೂ ನೋಡಿ, ಮುಗ್ಗಲು ವಾಸನೆ ಮನೆಯ ಉಳಿದ ಪುಸ್ತಕಗಳಿಗೂ ಹತ್ತುತ್ತದೆ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಐದು ಸ್ಟಾರ್ ವಿಮರ್ಶೆ ಬಿಟ್ಟು ಎರಡು ಸ್ಟಾರಿನವನ್ನು ಓದಿ. ‘ಸಾವನ್ನೆಲ್ಲ ತಮಾಷೆ ಮಾಡಿದ್ದಾರೆ, ಅಸಹ್ಯ’ ಎಂದು ಯಾರಾದರೂ ಸಿಟ್ಟಾಗಿದ್ದರೆ ಪುಸ್ತಕ ನಿಮ್ಮದೇ.

ಓದುವ ಜಾಗದ ಬಗ್ಗೆ ಒಂದು ಮಾತು. ಡೊಂಬಿವಲಿ ಲೋಕಲ್‌ನಲ್ಲಿ, ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂತು, ಸಾಲಮಾಂಡರ್ ವಕೀಲರ ಪುಟ ಓದುತ್ತಾ ನಾನು ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಹೆಂಗಸು ಏನು ಕಥೆ ಎಂದು ಮರಾಠಿಯಲ್ಲಿ ಕೇಳಿದರು. ‘ಸಮುದ್ರ ಊರುಗಳನ್ನೆಲ್ಲ ನುಂಗುತ್ತದೆ’ ಎಂದೆ. ಅವರು ಬ್ಯಾಗನ್ನು ಮಡಿಲಿಗೆಳೆದುಕೊಂಡು ಒಂದಿಷ್ಟು ಸರಿದು ಕೂತರು. ಘಾಟ್ಕೋಪರ್‌ನಿಂದಾಚೆ ನನಗೆ ಪೂರ್ತಿ ಸೀಟು.