ಕಿಟಕಿ ಸೋರದ ಬ್ಲೈಂಡ್ ಕಟ್ಟುವುದು ಹೇಗೆ?

ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂಬತ್ತು ದಿನಗಳ ಬಂದೂಕಿನ ಜಿಂಕೆ ಬೇಟೆ ಶುರುವಾಗುವ ದಿನ. ಗೆಳೆಯರೊಬ್ಬರು ಬೇಸಿಗೆಯೆಲ್ಲ ಕಷ್ಟಪಟ್ಟು ಕಟ್ಟಿದ ಹೊಸ ಬ್ಲೈಂಡ್‌ಗೆ, ಅಂದರೆ ಬೇಟೆಗಾರ ಅಡಗಿ ಕೂರುವ ಗೂಡಿಗೆ, ಬೆಳಕು ಹರಿಯುವ ಮೊದಲೇ ಹತ್ತಿ ಕೂತೆವು. ಹೊರಗೆ ಮಳೆ, ಹಿಮ ಎರಡೂ ಸೇರಿದ ಗಾಳಿ. ಏಳು ಗಂಟೆಗೆ ನನ್ನ ಮೊಣಕಾಲಿನ ಮೇಲೆ ಮೊದಲ ಹನಿ ಬಿತ್ತು. ಎಂಟಕ್ಕೆ ನೆಲದ ಕಾರ್ಪೆಟ್ ಪಚಪಚ. ಒಂಬತ್ತಕ್ಕೆ ಇಬ್ಬರೂ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆವು.

ಅವರು ಛಾವಣಿಗೆ ಎರಡು ಪದರ ಹಾಳೆ ಹಾಕಿದ್ದರು. ಛಾವಣಿಯಿಂದ ಒಂದು ಹನಿಯೂ ಬಂದಿರಲಿಲ್ಲ. ಬಂದದ್ದೆಲ್ಲ ಕಿಟಕಿಯಿಂದ.

ಆಮೇಲೆ ಹೀಗೆ ಸೋರುವ ಏಳೆಂಟು ಬ್ಲೈಂಡ್‌ಗಳನ್ನು ನೋಡಿದ್ದೇನೆ. ಮೂರನ್ನು ರಿಪೇರಿ ಮಾಡಿದ್ದೇನೆ. ತಪ್ಪು ಎಲ್ಲದರಲ್ಲೂ ಅದೇ. ಹಾಗಾಗಿ ಈ ಲೇಖನದಲ್ಲಿ ಕಿಟಕಿಯ ಮಾತು ಜಾಸ್ತಿ, ಉಳಿದದ್ದು ಕಡಿಮೆ.

ಬ್ಲೈಂಡ್ ಅಂದರೆ ನಾಲ್ಕು ಗೋಡೆ, ಮಾಡು, ಸಣ್ಣ ಕಿಟಕಿಗಳು. ತೀರ್ಥಹಳ್ಳಿ ಕಡೆ ಹಂದಿ ಕಾಯಲು ನಮ್ಮಜ್ಜ ಗದ್ದೆಯಲ್ಲಿ ಹಾಕುತ್ತಿದ್ದ ಮಾಳದ ದೂರದ ನೆಂಟ ಎನ್ನಬಹುದು. ಮಾಳಕ್ಕೆ ಆಯುಷ್ಯ ಒಂದೇ ಬೆಳೆ. ಕೊಯ್ಲು ಮುಗಿದರೆ ಅದೂ ಮುಗಿಯಿತು, ಮುಂದಿನ ವರ್ಷ ಹೊಸ ಕಂಬ, ಹೊಸ ಸೋಗೆ. ಇಲ್ಲಿಯ ಬ್ಲೈಂಡ್ ಹತ್ತು ಹದಿನೈದು ಚಳಿಗಾಲ ನಿಲ್ಲಬೇಕು. ಊರಿನಲ್ಲಿ ಓದುವವರಿಗೆ ಒಂದು ಮಾತು: 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಭಾರತದಲ್ಲಿ ಜಿಂಕೆ ಬೇಟೆ ಅಪರಾಧ. ಇದನ್ನು ಹಕ್ಕಿಯ ಫೋಟೋ ತೆಗೆಯಲು ಕಟ್ಟಿಕೊಳ್ಳಿ, ಕಿಟಕಿಯ ಪಾಠ ಅಲ್ಲಿಗೂ ಒಂದೇ.

ಅಮೆರಿಕದಲ್ಲಿರುವವರಿಗೆ ಇನ್ನೊಂದು ಮಾತು. ಕೆಲಸದ ಎಚ್-1ಬಿ, ಓದಿನ ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನಲ್ಲಿ ನಿಷೇಧವಿದೆ. ಸಿಂಧುವಾದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಮತ್ತು ನಂತರ ಹುಟ್ಟಿದವರು ಲೈಸೆನ್ಸ್‌ಗೆ ಮೊದಲು ಬೇಟೆ ಸುರಕ್ಷತೆಯ ತರಗತಿ ಮುಗಿಸಿರಬೇಕು. ಪಕ್ಕದ ಮನೆಯವನು ಕರೆದ ಎಂದು ಸುಮ್ನೆ ಹೊರಟುಬಿಡಬೇಡಿ.

1. ಜಾಗ

ಸ್ವಂತ ಜಮೀನು, ಇಲ್ಲವೇ ಒಪ್ಪಿಗೆ ಕೊಟ್ಟ ರೈತನ ಜಮೀನು. ಸರ್ಕಾರಿ ಜಾಗದಲ್ಲಿ ಶಾಶ್ವತ ಬ್ಲೈಂಡ್ ಕಟ್ಟುವ ಹಾಗಿಲ್ಲ. ಅಲ್ಲಿ ಬಟ್ಟೆಯದ್ದನ್ನು ಬಿಡಿಸಿ ಕೂತರೂ, ಬಂದೂಕಿನ ಸೀಸನ್‌ನಲ್ಲಿ ಎಲ್ಲ ದಿಕ್ಕಿಗೂ ಕಾಣುವಂತೆ 144 ಚದರ ಇಂಚಿನ ಕಡು ಕಿತ್ತಳೆ ಅಥವಾ ಕಡು ಗುಲಾಬಿ ಬಣ್ಣ ತೋರಿಸಬೇಕು. ಜಿಂಕೆಗೆ ಕಿತ್ತಳೆ ಬಣ್ಣ ನಮಗೆ ಕಾಣುವ ಹಾಗೆ ಕಾಣುವುದಿಲ್ಲ. ಅದರ ಕಣ್ಣಿಗೆ ಎದ್ದು ಕಾಣುವುದು ನೀಲಿ. ಹಾಗಾಗಿ ಗೂಡಿನ ಮೇಲೆ ನೀಲಿ ಟಾರ್ಪಾಲು ಹೊದಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಈಗ ಮುಖ್ಯ ವಿಷಯ. ಜಿಂಕೆಗೆ ನಮ್ಮ ವಾಸನೆ ಸಿಗಬಾರದು. ಅಂದರೆ ಗಾಳಿ ಜಿಂಕೆಯ ಕಡೆಯಿಂದ ನಮ್ಮ ಕಡೆಗೆ ಬೀಸಬೇಕು. ನವೆಂಬರ್‌ನಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ ಮತ್ತು ವಾಯವ್ಯದಿಂದ. ನಾವು ಆ ದಿಕ್ಕಿಗೇ ಮುಖ ಮಾಡಿ ಕೂರುತ್ತೇವೆ. ಅಂದರೆ ಯಾವ ಕಿಟಕಿಯಿಂದ ನೋಡಬೇಕೋ ಅದೇ ಕಿಟಕಿಗೆ ಮಳೆ ನೇರವಾಗಿ ಹೊಡೆಯುತ್ತದೆ. ಮನೆಯ ಕಿಟಕಿಯನ್ನು ಮಳೆ ಬರುವ ದಿಕ್ಕಿನಿಂದ ತಪ್ಪಿಸಿ ಇಡಬಹುದು. ಬ್ಲೈಂಡ್‌ನಲ್ಲಿ ಅದು ಆಗದ ಮಾತು. ಬಾಗಿಲನ್ನಾದರೂ ಹಿಂದಿನ ಗೋಡೆಗೆ ಇಡಿ.

2. ಚೌಕಟ್ಟು, ನೆಲ, ಗೋಡೆ

ಒಬ್ಬರಿಗೆ 4 ಅಡಿ ಅಗಲ 6 ಅಡಿ ಉದ್ದ, ಇಬ್ಬರಿಗೆ 6ಕ್ಕೆ 6 ಸಾಕು. ನೆಲದ ಅಡಿಯ ಮರಕ್ಕೆ ಮಣ್ಣು ತಾಗಲು ತಕ್ಕ ಔಷಧ ಹಾಕಿದ್ದೇ ಬೇಕು. ಅಂಗಡಿಯಲ್ಲಿ ಚೀಟಿಯ ಮೇಲೆ ‘ಗ್ರೌಂಡ್ ಕಾಂಟ್ಯಾಕ್ಟ್’ ಎಂದು ಇದೆಯೇ ನೋಡಿ. ಈ ಮರದಲ್ಲಿ ತಾಮ್ರ ಇರುತ್ತದೆ, ಅದು ಸಾದಾ ಕಬ್ಬಿಣದ ಸ್ಕ್ರೂವನ್ನು ತಿಂದುಹಾಕುತ್ತದೆ. ಬಿಸಿ ಸತುವಿನಲ್ಲಿ ಅದ್ದಿದ ಸ್ಕ್ರೂ ಅಥವಾ ಸ್ಟೇನ್‌ಲೆಸ್ ತನ್ನಿ. ಗೋಡೆಗೆ ಪ್ಲೈವುಡ್. ಮರದ ಚೂರು ಒತ್ತಿ ಮಾಡಿದ ಅಗ್ಗದ ಹಲಗೆ ಬೇಡವೇ ಬೇಡ. ಎರಡನೇ ವರ್ಷಕ್ಕೆ ಅದರ ಅಂಚು ನೆನೆಸಿದ ರಸ್ಕಿನ ಹಾಗೆ ಉಬ್ಬುತ್ತದೆ. ಯಾವ ಹಲಗೆಯಾದರೂ ಕತ್ತರಿಸಿದ ಅಂಚಿಗೆ ಎರಡು ಕೋಟ್ ಬಣ್ಣ ಹೊಡೆದೇ ಮೇಲೆ ಏರಿಸಿ. ಒಳಗೆ ಎಲ್ಲ ಕಡೆ ಕಪ್ಪು ಬಣ್ಣ.

3. ಛಾವಣಿ

ಹಿಂದಕ್ಕೆ ಇಳಿಜಾರು. ಮುಂದಕ್ಕೆ ಇಳಿಸಿದರೆ ಕರಗುವ ಹಿಮವೆಲ್ಲ ಕಿಟಕಿಯ ಮುಂದೆಯೇ ತೊಟ್ಟಿಕ್ಕುತ್ತದೆ. ಒಂದೇ ತುಂಡಿನ ರಬ್ಬರ್ ಹಾಳೆ ಅಂಟಿಸಿ, ಅಂಚಿಗೆ ತಗಡಿನ ಪಟ್ಟಿ ಹೊಡೆಯಿರಿ. ತಗಡಿನ ಮಾಡು ಗಟ್ಟಿಯೇನೋ ಹೌದು, ಆದರೆ ಹಿಮದ ಕಾಳು ಬಿದ್ದಾಗ ಒಳಗೆ ಕೂತವರಿಗೆ ಬೇರೇನೂ ಕೇಳಿಸುವುದಿಲ್ಲ. ಎದುರಿಗೆ 6 ಇಂಚು ಚಾಚಿರಲಿ. ಇಷ್ಟೇ.

4. ಕಿಟಕಿ

ಇಲ್ಲಿ ಅವಸರ ಬೇಡ. ಇದೊಂದಕ್ಕೇ ಒಂದು ಪೂರ್ತಿ ಶನಿವಾರ ಮತ್ತು ಭಾನುವಾರ ಇಡಿ.

ಮೊದಲು ಎತ್ತರ. ಟೇಪು ಹಿಡಿದು ಲೆಕ್ಕ ಹಾಕಬೇಡಿ. ಗೋಡೆ ನಿಂತ ಮೇಲೆ, ನೀವು ಬಳಸುವ ಕುರ್ಚಿಯನ್ನೇ ಒಳಗೆ ತಂದು, ನವೆಂಬರ್‌ನ ದಪ್ಪ ಜಾಕೆಟ್ ಹಾಕಿಕೊಂಡು ಕೂರಿ. ಆಗಸ್ಟ್‌ನಲ್ಲಿ ಬೆವರು ಸುರಿಯುತ್ತದೆ, ಸುರಿಯಲಿ. ಒಂದು ಕೋಲನ್ನು ಬಂದೂಕಿನ ಹಾಗೆ ಹೆಗಲಿಗೆ ಇಡಿ. ಕೋಲು ಎಲ್ಲಿ ಆರಾಮಾಗಿ ಕೂರುತ್ತದೋ ಅಲ್ಲಿ ಗೋಡೆಗೆ ಪೆನ್ಸಿಲ್ ಗೆರೆ ಎಳೆಯಿರಿ. ಅದು ಕಿಟಕಿಯ ಕೆಳ ಅಂಚು. ನಾನು ನೋಡಿದ ಒಂದು ಬ್ಲೈಂಡ್‌ನಲ್ಲಿ ಕಿಟಕಿಗೆ ಕಣ್ಣು ತಾಗಿಸಲು ಯಜಮಾನರು ಎರಡು ದಿಂಬು ಹಾಕಿಕೊಂಡು ಕೂರುತ್ತಿದ್ದರು. ಗಾತ್ರ 12 ಇಂಚು ಎತ್ತರ, 24 ಇಂಚು ಅಗಲ ಸಾಕು. ದೊಡ್ಡ ಕಿಟಕಿ ಮಾಡಿದರೆ ಜಿಂಕೆಗೂ ನಾವು ಚೆನ್ನಾಗಿ ಕಾಣುತ್ತೇವೆ.

ಈಗ ಕೆಳಗಿನ ಹಲಗೆ. ಹೆಚ್ಚಿನವರು ಇದನ್ನು ಸಮತಟ್ಟಾಗಿ ಕೂರಿಸುತ್ತಾರೆ, ಮಟ್ಟಗೋಲು ಇಟ್ಟು ಖುಷಿಪಡುತ್ತಾರೆ. ಕೆಟ್ಟಿದ್ದೇ ಅಲ್ಲಿ. ಈ ಹಲಗೆ ಹೊರಕ್ಕೆ ಇಳಿಜಾರಾಗಿರಬೇಕು, 3 ಇಂಚು ಅಗಲಕ್ಕೆ ಅರ್ಧ ಇಂಚಾದರೂ. ಗೋಡೆಯಿಂದ ಒಂದು ಇಂಚು ಹೊರಗೆ ಚಾಚಿರಬೇಕು. ಚಾಚಿದ ಭಾಗದ ಅಡಿಯಲ್ಲಿ ಗರಗಸದಿಂದ ಉದ್ದಕ್ಕೂ ಒಂದು ಗೀರು ಹಾಕಿ. ಊರಿನಲ್ಲಿ ಗಾರೆಯವರು ಸಜ್ಜಾದ ಅಡಿ ಅಂಚಿನಲ್ಲಿ ಒಂದು ಗೆರೆ ಬಿಡುತ್ತಾರಲ್ಲ, ಅದೇ. ನೀರಿಗೆ ಹಲಗೆಯ ಅಡಿಗೆ ಅಂಟಿಕೊಂಡು ವಾಪಸ್ ಗೋಡೆಗೆ ಬರುವ ಚಾಳಿ ಇದೆ. ಗೀರು ಸಿಕ್ಕರೆ ಅಲ್ಲಿಯೇ ತೊಟ್ಟಿಕ್ಕುತ್ತದೆ.

ಆಮೇಲೆ ಅಂಟುಪಟ್ಟಿ. ಕಿಟಕಿ ಸುತ್ತ ಅಂಟಿಸುವ ನೀರು ತಡೆಯುವ ಟೇಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಇದರ ಕ್ರಮ ತಪ್ಪಿದರೆ ಟೇಪು ಹಾಕದಿರುವುದೇ ವಾಸಿ. ಹೆಂಚು ಹೊದಿಸುವುದನ್ನು ನೆನಪಿಸಿಕೊಳ್ಳಿ: ಕೆಳಗಿನ ಸಾಲು ಮೊದಲು, ಮೇಲಿನ ಸಾಲು ಅದರ ಮೇಲೆ. ಇಲ್ಲಿಯೂ ಮೊದಲು ಕೆಳಗಿನ ಪಟ್ಟಿ, ಆಮೇಲೆ ಎರಡು ಪಕ್ಕ, ಕೊನೆಗೆ ತಲೆಯ ಮೇಲಿನದು. ಮೇಲಿನದನ್ನು ಮೊದಲು ಅಂಟಿಸಿದರೆ ಗೋಡೆಯಲ್ಲಿ ಇಳಿದ ನೀರು ನೇರ ಪಟ್ಟಿಯ ಹಿಂದಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಪ್ಲೈವುಡ್ ಒಳಗಿನಿಂದ ಕೊಳೆಯುತ್ತದೆ, ನಿಮಗೆ ಗೊತ್ತಾಗುವುದು ಮೂರು ವರ್ಷದ ಮೇಲೆ.

‘ಎಲ್ಲದಕ್ಕೂ ಸಿಲಿಕೋನ್ ಬಳಿದರೆ ಆಯ್ತಲ್ವಾ?’ ಎಂದು ಕೇಳುವವರು ಇದ್ದಾರೆ. ಇಲ್ಲ. ಮಳೆ ಸುರಿಯುವಾಗ ಒದ್ದೆ ಮರಕ್ಕೆ ಸಿಲಿಕೋನ್ ಬಳಿದು ಹೋಗುವುದು ಈ ದೇಶದ ರಾಷ್ಟ್ರೀಯ ಹವ್ಯಾಸ. ಒದ್ದೆ ಮರಕ್ಕೆ ಅದು ಹಿಡಿಯುವುದಿಲ್ಲ. ಕಿಟಕಿ ಚೌಕಟ್ಟಿನ ಮೇಲೆ, ಎರಡು ಪಕ್ಕದಲ್ಲಿ ಒಣಗಿದ ದಿನ ಬಳಿಯಿರಿ. ಕೆಳಗಿನ ಅಂಚಿಗೆ ಮಾತ್ರ ಬಳಿಯಬೇಡಿ. ಹೇಗೋ ಒಳಗೆ ಬಂದ ನೀರಿಗೆ ಹೋಗಲು ಒಂದು ದಾರಿ ಬೇಕು.

ಇನ್ನು ಗಾಜು. ಅಕ್ರಿಲಿಕ್ ಹಾಳೆ ಅಗ್ಗ. ಆದರೆ ಮೈನಸ್ ಇಪ್ಪತ್ತರ ಚಳಿಯಲ್ಲಿ ಒಂದು ಏಟಿಗೆ ಸೀಳುತ್ತದೆ, ಒರೆಸಿ ಒರೆಸಿ ಗೀರು ಬೀಳುತ್ತದೆ. ಪಾಲಿಕಾರ್ಬೊನೇಟ್ ಒಡೆಯುವುದಿಲ್ಲ, ಬಿಸಿಲು ತಡೆಯುವ ಲೇಪ ಇಲ್ಲದಿದ್ದರೆ ಹಳದಿಯಾಗುತ್ತದೆ. ದುಡ್ಡಿದ್ದರೆ ಹದಗೊಳಿಸಿದ ಗಾಜು ಹಾಕಿ, ನನ್ನ ಮತ ಅದಕ್ಕೇ. ಪಾಲಿಕಾರ್ಬೊನೇಟ್ ಹಾಕುವವರು ಒಂದನ್ನು ಮರೆಯಬಾರದು. ಅದು ಚಳಿಗೆ ಕುಗ್ಗಿ ಬಿಸಿಲಿಗೆ ಹಿಗ್ಗುತ್ತದೆ, ಇಲ್ಲಿಯ ಜನವರಿಯಿಂದ ಜುಲೈಗೆ ಒಂದು ಮೀಟರಿಗೆ ಸುಮಾರು 4 ಮಿಲಿಮೀಟರ್. ಸ್ಕ್ರೂ ತೂತು ದೊಡ್ಡದಾಗಿ ಕೊರೆಯಿರಿ, ಬಿಗಿಯಾಗಿ ತಿರುಗಿಸಬೇಡಿ.

ಹಾಳೆಯನ್ನು ಗೋಡೆಯ ಒಳಮುಖಕ್ಕೆ, ಮೇಲಂಚಿನಲ್ಲಿ ತಿರುಗಣೆ ಹಾಕಿ ಕೂರಿಸಿ. ಒಳಕ್ಕೆ ಎತ್ತಿ ಛಾವಣಿಯ ಕೊಕ್ಕೆಗೆ ಸಿಕ್ಕಿಸುವಂತಿರಲಿ. ಕಿಂಡಿಗಿಂತ ಸುತ್ತಲೂ ಒಂದು ಇಂಚು ದೊಡ್ಡದಾಗಿರಲಿ. ಒತ್ತಿ ಕೂರುವ ಕಡೆ ರಬ್ಬರ್ ಪಟ್ಟಿ ಹಾಕಿ. ಸ್ಪಂಜಿನ ಪಟ್ಟಿ ಬೇಡ, ಅದು ನೀರು ಕುಡಿದು ಹೆಪ್ಪುಗಟ್ಟಿ ಕಿಟಕಿಯನ್ನು ಗೋಡೆಗೆ ಅಂಟಿಸಿಬಿಡುತ್ತದೆ. ಜಿಂಕೆ ಎದುರಿಗೆ ನಿಂತಾಗ ‘ಚರ್’ ಎಂದು ಕಿತ್ತುಕೊಂಡು ಬಂದರೆ ಆ ದಿನ ಮುಗಿದ ಹಾಗೆ. ಹಾಳೆಯ ಹೊರಮುಖದಲ್ಲಿ, ಕೆಳ ಹಲಗೆಗಿಂತ ಅರ್ಧ ಇಂಚು ಮೇಲೆ, ಅಡ್ಡಕ್ಕೆ ಸಣ್ಣ ಅಲ್ಯೂಮಿನಿಯಂ ಪಟ್ಟಿ ಅಂಟಿಸಿ. ಗಾಜಿನ ಮೇಲೆ ಇಳಿದ ನೀರು ಸಂದಿಗೆ ಹೋಗದೆ ಇಳಿಜಾರು ಹಲಗೆಗೆ ಜಿಗಿಯುತ್ತದೆ. ಹೊರಗೆ, ಕಿಟಕಿಯ ತಲೆಯ ಮೇಲೆ 3 ಇಂಚಿನ ತಗಡಿನ ಸಜ್ಜಾ. ನಾನು ರಿಪೇರಿ ಮಾಡಿದ ಮೂರರಲ್ಲಿ ಎರಡು ಈ ಸಜ್ಜಾ ಮತ್ತು ಪಟ್ಟಿಯಿಂದಲೇ ಸರಿಹೋದವು.

5. ಉಸಿರಾಟ

ಹೊರಗಿನ ನೀರು ನಿಂತ ಮೇಲೆ ಒಳಗಿನ ನೀರು ಶುರು. ಇಬ್ಬರ ಉಸಿರಿಗೇ ಗಾಜು ಮಂಜಾಗುತ್ತದೆ. ಅದರ ಮೇಲೆ ಗ್ಯಾಸ್ ಹೀಟರ್ ಇಟ್ಟರೆ ಕೇಳಬೇಡಿ. ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರಾವಿ ಹುಟ್ಟುತ್ತದೆ. ನೀವು ಚಳಿ ಕಾಯಿಸುತ್ತಿರುವುದು ಒಂಥರಾ ನೀರಿನ ಕೊಡದ ಮುಂದೆ. ನೆಲದ ಹತ್ತಿರ ಒಂದು ಕಿಂಡಿ, ಎದುರು ಗೋಡೆಯ ಮೇಲ್ತುದಿಯಲ್ಲಿ ಒಂದು ಕಿಂಡಿ, ಎರಡಕ್ಕೂ ಸಣ್ಣ ಕಣ್ಣಿನ ಜಾಲರಿ. ಮಂಜಿನ ಮಾತು ಬಿಡಿ, ಮುಚ್ಚಿದ ಗೂಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ಜೀವವೇ ಹೋಗುತ್ತದೆ. ಹೀಟರ್ ಉರಿಯುವಾಗ ಕಿಂಡಿ ಮುಚ್ಚಬೇಡಿ. ಈ ವಿಷಗಾಳಿ ಪತ್ತೆ ಮಾಡುವ ಬ್ಯಾಟರಿಯ ಅಲಾರಂ ಒಂದನ್ನು ಗೋಡೆಗೆ ಹಾಕಿ. ನಾನಂತೂ ಹೀಟರ್ ಬಿಟ್ಟು ಉಣ್ಣೆಯ ಕಂಬಳಿ ಹೊದ್ದುಕೊಳ್ಳುತ್ತೇನೆ.

6. ಗಾಳಿಗೆ ಕಟ್ಟುವುದು

ಗಂಟೆಗೆ 60 ಮೈಲಿ ಗಾಳಿ ಎಂದರೆ ಚದರ ಅಡಿಗೆ ಸುಮಾರು 9 ಪೌಂಡ್ ಒತ್ತಡ. 6ಕ್ಕೆ 6 ಅಡಿಯ ಒಂದು ಗೋಡೆಗೆ 300 ಪೌಂಡ್ ದಾಟುತ್ತದೆ. ಕಾಲಿನ ಮೇಲೆ ಎತ್ತರಿಸಿದ್ದರೆ ಮಗುಚಲು ಇನ್ನೂ ಸುಲಭ. ಕಾಲುಗಳು ಕೆಳಗೆ ಅಗಲವಾಗಿ ಹರಡಿರಲಿ, ನಾಲ್ಕೂ ಮೂಲೆಗೆ ನೆಲಕ್ಕೆ ತಿರುಚಿ ಇಳಿಸುವ ಉದ್ದದ ಸ್ಕ್ರೂ ಗೂಟ ಹಾಕಿ ಉಕ್ಕಿನ ಹಗ್ಗದಿಂದ ಬಿಗಿಯಿರಿ. ಒಂದಡಿ ಗುಂಡಿ ತೋಡಿ ಕಾಂಕ್ರೀಟ್ ಸುರಿಯುವ ಕೆಲಸ ದಂಡ. ಇಲ್ಲಿ ನೆಲ 4 ಅಡಿ ಆಳದವರೆಗೂ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ ಮಣ್ಣು ಆ ಕಾಂಕ್ರೀಟನ್ನು ಹಲ್ಲು ಕಿತ್ತ ಹಾಗೆ ಮೇಲಕ್ಕೆ ತಳ್ಳುತ್ತದೆ. ನಾನು ಅಗಲದ ಸಿಮೆಂಟ್ ಚಪ್ಪಡಿಯ ಮೇಲೆ ಕೂರಿಸಿ, ವರ್ಷಕ್ಕೊಮ್ಮೆ ಮಟ್ಟ ನೋಡಿ ಚಪ್ಪಡಿಯ ಅಡಿಗೆ ಜಲ್ಲಿ ತುಂಬುತ್ತೇನೆ.

ಏಣಿಗೆ ಕೈಹಿಡಿ ಇರಲಿ. ಬಂದೂಕನ್ನು ಕೈಯಲ್ಲಿ ಹಿಡಿದು ಹತ್ತಬೇಡಿ, ಗುಂಡು ತೆಗೆದು ಹಗ್ಗದಲ್ಲಿ ಎಳೆದುಕೊಳ್ಳಿ.

ಕೊಳ್ಳುವವರಿಗೆ

ಕಟ್ಟಲು ಬಿಡುವಿಲ್ಲ ಎನ್ನುವವರು ಕೊಳ್ಳಿ, ತಪ್ಪಿಲ್ಲ. ಬಟ್ಟೆಯ ಗೂಡನ್ನು ಹಿಮದಲ್ಲಿ ಬಿಟ್ಟು ಬಂದರೆ ಕಂಬಿ ಮುರಿದುಕೊಂಡು ಮಲಗಿರುತ್ತದೆ. ಅದು ಒಂದು ದಿನದ ಸಾಮಾನು. ಗಟ್ಟಿಯದ್ದು ಬೇಕಾದರೆ ಫೈಬರ್‌ಗ್ಲಾಸ್ ಅಥವಾ ಅಚ್ಚಿನಲ್ಲಿ ಎರಕವಾದ ಪಾಲಿಎಥಿಲೀನ್. ನೀರಿನ ಟ್ಯಾಂಕಿನ ಹಾಗೆ ಒಂದೇ ತುಂಡಾಗಿ ಬಂದದ್ದರಲ್ಲಿ ಸಂದಿಯೇ ಇಲ್ಲ. ಎರಡು ತುಂಡನ್ನು ಸೇರಿಸಿ ಬೋಲ್ಟ್ ಹಾಕಿದ್ದಾದರೆ ಆ ಸಂದಿಗೆ ಕೈಯಾಡಿಸಿ ನೋಡಿ. ಜಾಹೀರಾತಿನಲ್ಲಿ ‘ಎಲ್ಲ ಹವಾಮಾನಕ್ಕೂ’ ಎಂದು ಬರೆದ ಒಂದು ಅಗ್ಗದ ಬ್ಲೈಂಡ್ ನಾನೂ ಕೊಂಡಿದ್ದೆ. ಅದರ ಬಾಗಿಲಿನ ಪ್ಲಾಸ್ಟಿಕ್ ತಿರುಗಣೆ ಮೊದಲ ಡಿಸೆಂಬರ್‌ನಲ್ಲೇ ಬಿಸ್ಕತ್ತಿನ ಹಾಗೆ ಮುರಿಯಿತು.

ಅಂಗಡಿಯಲ್ಲಿ ಮಾಡುವ ಪರೀಕ್ಷೆ ಸುಲಭ. ಒಳಗೆ ಹೋಗಿ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಒಂದು ನಿಮಿಷ ಕೂರಿ. ಎಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲಿ ನೀರು ಬರುತ್ತದೆ. ಕಿಟಕಿಯನ್ನು ಹತ್ತು ಸಲ ತೆಗೆದು ಹಾಕಿ, ಸದ್ದು ಕೇಳಿ. ಮನೆಗೆ ಸಾಗಿಸುವ ಖರ್ಚು ಎಷ್ಟೆಂದು ಬೆಲೆ ಕೇಳುವಾಗಲೇ ಕೇಳಿ.

ಕಟ್ಟಿದ್ದಾಗಲಿ ಕೊಂಡದ್ದಾಗಲಿ, ಆಗಸ್ಟ್ ಹೊತ್ತಿಗೆ ಜಾಗದಲ್ಲಿ ನಿಲ್ಲಿಸಿ, ಜಿಂಕೆಗಳಿಗೆ ಅದು ಹಳತಾಗಲಿ. ನಿಲ್ಲಿಸುವ ಮೊದಲು ಮನೆಯ ಅಂಗಳದಲ್ಲೇ ಕಿಟಕಿಗಳಿಗೆ ಇಪ್ಪತ್ತು ನಿಮಿಷ ಪೈಪಿನಿಂದ ನೀರು ಹೊಡೆಯಿಸಿ, ನೀವು ಒಣ ಚಡ್ಡಿಯಲ್ಲಿ ಒಳಗೆ ಕೂರಿ. ಸೀಸನ್ ಮುಗಿದ ಮೇಲೆ ಕಿಂಡಿಗಳ ಜಾಲರಿ ನೋಡಿ, ತೂತುಗಳಿಗೆ ಉಕ್ಕಿನ ನಾರು ತುರುಕಿ, ಕುರ್ಚಿಯನ್ನು ಮನೆಗೆ ತನ್ನಿ. ಒಂದು ವರ್ಷ ನಾನು ಬಿಟ್ಟು ಬಂದಿದ್ದೆ. ಮಾರ್ಚ್‌ನಲ್ಲಿ ಹೋಗಿ ಕೂತಾಗ ಸೀಟಿನೊಳಗಿಂದ ಇಲಿಯ ಸಂಸಾರವೇ ಇಳಿದು ಹೋಯಿತು.